ಕರಿಹಲಗೆಯ ಮೇಲೆ ಇವತ್ತಿನ ಕಡಲು

ಬೆಳಿಗ್ಗೆ ಆರಕ್ಕೆ ನಾನು ಬರೆಯುವುದು ಇಷ್ಟೇ:
ಅಲೆ ಎರಡಡಿ. ಗಾಳಿ ನೆಲದ ಕಡೆಯಿಂದ.
ನೀರು ಒಂಬತ್ತು ಡಿಗ್ರಿ. ಉಬ್ಬರ ಹನ್ನೊಂದೂಕಾಲಿಗೆ.
ಸೀಮೆಸುಣ್ಣ ಒದ್ದೆ; ಒಂಬತ್ತು ಯಾವತ್ತೂ
ಬಾಲ ಮುರಿದ ಪ್ರಾಣಿಯ ಹಾಗೆ ಬರುತ್ತೆ.

ಸಾಲ್ಟ್‌ಬರ್ನಿನಲ್ಲಿ ಕಡಲಿಗಿಳಿಯಲು ಎರಡು ದಾರಿ.
ಒಂದು, ನೀರಿನ ಭಾರಕ್ಕೆ ಗುಡ್ಡದಂಚಿನಲ್ಲಿ ಹತ್ತಿಳಿಯುವ ಡಬ್ಬಿ.
ನಾನು ಬರುವ ಹೊತ್ತಿಗೆ ಅದು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ.
ಇನ್ನೊಂದು, ಮೆಟ್ಟಿಲು. ಎಷ್ಟಿವೆ ಅಂತ ಕೇಳಬೇಡಿ,
ಇಳಿಯುವಾಗ ಎಣಿಸಿದ್ದು ಹತ್ತುವಾಗ ತಾಳೆಯಾಗದು.
ಕಾರು ನಿಲ್ಲಿಸಲು ಕೆಳಗೆ ಜಾಗವುಂಟು,
ಭಾನುವಾರ ಮಾತ್ರ ದೇವರೇ ಗತಿ.

ಹೊಸಬರಿಗೆ ಒಳ್ಳೆಯ ಕಡಲು ಇದು.
ತಳವೆಲ್ಲ ಮರಳು;
ಬಿದ್ದರೆ ಮಾನ ಹೋಗುತ್ತೆ, ಮೂಳೆ ಹೋಗುವುದಿಲ್ಲ.
ಪಿಯರ್ ಅಂದರೆ ಆಚೆ ದಡ ಮರೆತ ಸೇತುವೆ.
ಒಂದೇ ಮಾತು: ಅದರ ಕಂಬಗಳ ಹತ್ತಿರ ಹೋಗಬೇಡಿ.
ಅಲ್ಲಿ ನೀರು ಇಸ್ತ್ರಿ ಹಾಕಿದ ಹಾಗೆ,
ಅಲೆ ಮುರಿಯದು, ದಾರಿ ಸಲೀಸು ಅನ್ನಿಸುತ್ತೆ.
ಆ ನಯವೇ ಸೆಳೆತ.
ಬಲ್ಲವರು ಅದರ ಬೆನ್ನೇರಿ ಆಚೆ ಹೋಗುತ್ತಾರೆ,
ಅರಿಯದವರನ್ನು ಅದೇ ಒಯ್ಯುತ್ತೆ.

ಗ್ಲೆನ್ ಹೆಸ್ಲಪ್ ಮಾರ್ಚಿನಲ್ಲಿ ಬಂದ.
ಅರವತ್ತೊಂದು ವರ್ಷ. ಬಿಗಿಯಾದ ರಬ್ಬರ್ ಅಂಗಿಗೆ
ಕಾಲು ತೂರಿಸಲು ಇಪ್ಪತ್ತು ನಿಮಿಷ,
ಅಷ್ಟೂ ಹೊತ್ತು ಜಿಪ್ಪಿಗೆ ಬೈಗುಳ.
ರೆಡ್‌ಕಾರಿನ ಕುಲುಮೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕರಗಿದ ಕಬ್ಬಿಣದ ಎದುರು ನಿಂತವನು;
ಹುಬ್ಬು ಎರಡೂ ಇನ್ನೂ ಸರಿಯಾಗಿ ಬೆಳೆದಿಲ್ಲ.
‘ಸೆಕೆ ಮುಗೀತು ಹುಡುಗಿ,’ ಅಂದ, ‘ಇನ್ನು ಚಳಿಯ ಸರದಿ.’
ಆ ಕುಲುಮೆ ಕೆಡವಿದ ದಿನ ದೂರದಿಂದ ನೋಡಿದನಂತೆ:
ಮೊದಲು ಬಾಗಿತು, ಸದ್ದು ಆಮೇಲೆ ಬಂತು.
ಅಲೆಯೂ ಹಾಗೇನಾ, ಕೇಳಿದ.
ಇಲ್ಲ, ಇಲ್ಲಿ ಸದ್ದು ಮೊದಲು, ಅಂದೆ.

ಏಪ್ರಿಲ್ ಪೂರ್ತಿ ಮಂಡಿಯೂರಿದ.
ಹೊಟ್ಟೆಯಿಂದ ಒಂದೇ ಏಟಿಗೆ ಪಾದಕ್ಕೆ ಬರಬೇಕು,
ನಡುವೆ ಆ ಬೇಡುವ ಭಂಗಿ ಬೇಡ,
ಎಷ್ಟು ಸಲ ಹೇಳಿದೆ! ತಲೆಯಾಡಿಸುವನು, ಮತ್ತೆ ಮಂಡಿ.
ಪಿಯರ್ ಮೇಲೆ ಗಾಳ ಹಾಕಿ ಕೂತ ಮಿಸೆಸ್ ಪಿಂಕ್ನಿ
ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹೀರುತ್ತ
‘ಚರ್ಚು ಆ ಕಡೆ, ಗ್ಲೆನ್!’ ಅಂತ ಕೂಗುವರು.

ನಿನ್ನೆ ಬರೆದೆ:
ಅಲೆ ಐದಡಿ. ಗಾಳಿ ಈಶಾನ್ಯ. ಎಲ್ಲ ಗಲಿಬಿಲಿ.
ಹೊಸಬರಿಗಲ್ಲ.
ಅದರ ಕೆಳಗೆ ಎರಡು ಗೆರೆ.
ಬಾಡಿಗೆಯ ಹಲಗೆಗಳಿಗೆ ಬೀಗ ಹಾಕಿದೆ.

ಅವನು ಬಂದ, ಕಂಕುಳಲ್ಲಿ ಸ್ವಂತದ್ದು,
ಯಾರಿಂದಲೋ ಕೊಂಡ ಹಳೆಯ ಹಲಗೆ,
ಬೀಡಿ ಸೇದುವವನ ಹಲ್ಲಿನಷ್ಟು ಹಳದಿ.
ನನ್ನ ಬರಹವನ್ನು ತುಟಿಯಲುಗಿಸಿ ನಿಧಾನ ಓದಿದ.
‘ಹೊಸಬ ಅಂದ್ರೆ ಎಷ್ಟು ದಿನ?’
ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೊಂಟದ ನೀರು ದಾಟಲಿಲ್ಲ, ಅಷ್ಟು ಬುದ್ಧಿಯಿತ್ತು.
ಮುರಿದ ಅಲೆಯ ನೊರೆಗೆ ಕಾದ.
ನಾನು ಸೀಟಿ ಬಾಯಲ್ಲಿಟ್ಟುಕೊಂಡು ಕಾದೆ.
ಎದ್ದ.
ಮಂಡಿಯಿಲ್ಲದೆ.
ಕೈ ಎರಡೂ ಮುಂದೆ, ಝಳ ತಡೆಯುವವನ ಹಾಗೆ,
ಮುಖ ತುಸು ಓರೆ.
ಮೂರು ಸೆಕೆಂಡು. ನಾಲ್ಕು ಅಂತ ಅವನ ವಾದ.
ಆಮೇಲೆ ಮರಳು.
ಮಿಸೆಸ್ ಪಿಂಕ್ನಿ ಆ ಹೊತ್ತಿಗೇ ಸರಿಯಾಗಿ
ಗಾಳದಿಂದ ಪಾಚಿ ಬಿಡಿಸುತ್ತಿದ್ದರು, ನೋಡಲಿಲ್ಲ.
ಅದಕ್ಕೇ ಅವನಿಗೆ ಹೆಚ್ಚು ಬೇಜಾರು.

ಇವತ್ತು ಕಡಲು ತಟ್ಟೆ. ಅಲೆ ಇಲ್ಲ ಅಂತ ಬರೆಯಬೇಕು.
ನಿನ್ನೆಯದನ್ನು ತೋಳಿನಿಂದ ಒರೆಸುತ್ತಿದ್ದೇನೆ;
ಆ ಎರಡು ಗೆರೆ ಮಾತ್ರ ಹೋಗುತ್ತಿಲ್ಲ,
ಅಷ್ಟು ಒತ್ತಿದ್ದೆ ಅಂತ ಕಾಣುತ್ತೆ.
ಮಂಜಿನಲ್ಲಿ ಮೆಟ್ಟಿಲು ಅರ್ಧಕ್ಕೇ ಮುಗಿದಿದೆ.
ಮೇಲಿನಿಂದ, ಆಳು ಕಾಣುವ ಮೊದಲೇ,
ಜಿಪ್ಪಿಗೆ ಬೈಯುವ ಸದ್ದು.