ಬೊಳ್ಳಿ, ಹೆಣ್ಣು, ಎರಡು ಕಿಲೋ ನಾನೂರು

ಗೋಣಿಕೊಪ್ಪದ ಸರ್ಕಾರಿ ಆಸ್ಪತ್ರೆಯಲ್ಲಿ
ಔಷಧಿ ಕೊಡುವ ಕಿಟಕಿ ದಾಟಿದರೆ ಇನ್ನೊಂದು ಕಿಟಕಿ.
ಅದರ ಹಿಂದೆ ಕೂತು ಇಪ್ಪತ್ತೊಂಬತ್ತು ವರ್ಷದಿಂದ
ಹುಟ್ಟಿದವರನ್ನು ಬರೆಯುತ್ತಿದ್ದೇನೆ.

ಹೆಸರಿನ ಕಾಲಂ ಖಾಲಿ ಬರುವುದೇ ಹೆಚ್ಚು.
ತಿಂಗಳು ಬಿಟ್ಟು ಬಂದು ತುಂಬಿಸುತ್ತಾರೆ.
ಈ ವರ್ಷ ದಿಯಾ ಹದಿನಾಲ್ಕು, ಅನ್ವಿ ಒಂಬತ್ತು.
ಅರ್ಥ ಕೇಳಿದರೆ ಫೋನು ತೆಗೆದು ತೋರಿಸುತ್ತಾರೆ:
ಲಕ್ಷ್ಮಿ ಅಂತೆ ಮೇಡಂ.
ಆ ಫೋನಿನೊಳಗೆ ಎಲ್ಲ ಹೆಸರೂ ಕೊನೆಗೆ ಲಕ್ಷ್ಮಿಯೇ.

ನಾನು ಬೊಳ್ಳವ್ವ.
ಬೊಳ್ಳಿ ಅಂದರೆ ಬೆಳ್ಳಿ, ಕೊಡವ ತಕ್ಕ್‌ನಲ್ಲಿ.
ಯಾಕೆ ಇಟ್ಟರು ಎಂಬುದಕ್ಕೆ ಮಾತ್ರ ಮನೆಯಲ್ಲಿ ಒಮ್ಮತವಿಲ್ಲ.
ಹೂಮಳೆ ಬಿದ್ದು ಎಂಟನೇ ದಿನ ಹುಟ್ಟಿದೆ,
ಕಾಫಿ ತೋಟವಿಡೀ ಬೆಳ್ಳಗಿತ್ತು, ಎನ್ನುತ್ತಿದ್ದಳು ತಾಯಿ
(ನಮ್ಮಲ್ಲಿ ತಾಯಿ ಅಂದರೆ ಅಜ್ಜಿ).
ಹೆತ್ತವಳು ನಾನು, ಹೆತ್ತದ್ದು ಕಕ್ಕಡದಲ್ಲಿ,
ಆ ಜಡಿಮಳೆಗೆ ಹೂವೆಲ್ಲಿಂದ, ಎಂದು ಅವ್ವ.
ಅಜ್ಜನ ಪೀಚೆಕತ್ತಿಯ ಬೆಳ್ಳಿ ಒರೆ
ಆ ವರ್ಷವೇ ವಿರಾಜಪೇಟೆಯ ಸೇಠನ ಪೆಟ್ಟಿಗೆ ಸೇರಿತ್ತು,
ಹೋದದ್ದನ್ನು ಕೂಗಿ ಕರೆಯಲು ಒಂದು ನೆಪ ಬೇಕಿತ್ತು ಎಂದು
ಕುಡಿದಾಗ ಮಾತ್ರ ದೊಡ್ಡಪ್ಪ.

ಒಂದನೇ ಕ್ಲಾಸಿನಲ್ಲಿ ಬಯಲುಸೀಮೆಯ ಮೇಷ್ಟ್ರು
ಕಾಗುಣಿತ ತಪ್ಪೆಂದು ತಿದ್ದಿ ಬೆಳ್ಳಮ್ಮ ಮಾಡಿದರು.
ಬ್ಯಾಂಕಿನವರು ಬೊಲ್ಲಮ್ಮ. ಆಧಾರಿನಲ್ಲಿ ಬೋಲಮ.
ಈ ನಾಲ್ವರೂ ಒಬ್ಬಳೇ ಎಂದು
ಪೊನ್ನಂಪೇಟೆಯ ನೋಟರಿಯ ಮುಂದೆ
ಛಾಪಾಕಾಗದದಲ್ಲಿ ಪ್ರಮಾಣ ಮಾಡಿದ್ದೇನೆ.

ಮನೆಯ ಹೆಸರು ಮುಂದೆ ನಡೆಯುತ್ತದೆ ನಮ್ಮಲ್ಲಿ, ನಾವು ಹಿಂದೆ.
ಬಾಣೆಯಂಡ ಬೊಳ್ಳವ್ವ ಇದ್ದವಳು
ಒಂದು ಮಧ್ಯಾಹ್ನದೊಳಗೆ ತೊರೆಮಾಡ ಬೊಳ್ಳವ್ವ.
ನಮ್ಮ ಸೀರೆಯ ನೆರಿಗೆಯೂ ಹಾಗೇ ಅಲ್ಲವೇ,
ನನ್ನದು ಅಂತ ಉಳಿದದ್ದೆಲ್ಲ ಬೆನ್ನಿಗೆ.

ಕಳೆದ ಸೋಮವಾರ ತಿತಿಮತಿಯ ಲೈನ್‌ಮನೆಯಿಂದ
ಒಬ್ಬಳು ಎರವರ ಹುಡುಗಿ, ಮಾಕಿ, ಇಪ್ಪತ್ತಿರಬಹುದು,
ಮಡಿಲಲ್ಲಿ ಟವೆಲ್ಲು ಸುತ್ತಿದ ಕೂಸು.
ಹೆಸರು?
ಬೊಳ್ಳಿ.
ನನ್ನನ್ನೇ ಕರೆದಳೆಂದು ತಲೆಯೆತ್ತಿದೆ.

ಅವಳ ಅಜ್ಜಿಯ ಹೆಸರಂತೆ.
ಒಂಟಿ ಬಿದಿರಿನ ಏಣಿ ಹತ್ತಿ
ಸಿಲ್ವರ್ ಮರದ ತುದಿಯ ಮೆಣಸು ಕೊಯ್ಯುತ್ತಿದ್ದಳಂತೆ,
ಗಂಡಸರು ಕೆಳಗೆ ನಿಂತು ಬೈಯುತ್ತಿದ್ದರೂ.
ಬೆಳ್ಳಿ ಅಂತಲಾ, ಎಂದೆ.
ಬೆಳ್ಳಿ ಯಾರು ಕಂಡಿದ್ದಾರೆ ಅಕ್ಕ, ಬೆಳ್ಳಗಿದ್ದಳು ಅಂತ ಇಟ್ಟದ್ದು.
ಸ್ವಲ್ಪ ತಡೆದು ನಕ್ಕಳು: ಬೆಳ್ಳಗೂ ಇರಲಿಲ್ಲ.

ಬೊಳ್ಳವ್ವ ಅಂತ ಬರೆಯಲಾ?
ಅವ್ವ ಬೇಡ. ಅದು ನಿಮ್ಮ ಕಡೆಯದು.

ಆರು ವರ್ಷದವಳಿದ್ದೆ.
ಕಣದಲ್ಲಿ ರೈಟರು ಹಾಜರಿ ಕೂಗುತ್ತಿದ್ದ,
ಮಂಜು ಇನ್ನೂ ಎದ್ದಿರಲಿಲ್ಲ.
ಬೊಳ್ಳಿ! ಎಂದ ಕೂಡಲೇ
ರೊಟ್ಟಿ ಬಿಟ್ಟು ಓ ಎನ್ನುತ್ತಾ ಓಡಿಬಂದೆ.
ಬುಟ್ಟಿ ಹೊತ್ತ ಸಾಲಿನಿಂದ ಇನ್ನೊಂದು ಓ.
ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳಿಗೆ ನಗು ಬಂತು.
ತಾಯಿ ನನ್ನ ರಟ್ಟೆ ಹಿಡಿದು ಒಳಗೆಳೆದಳು:
ನೀನು ಬೊಳ್ಳವ್ವ. ಬೊಳ್ಳಿ ಅವಳು.
ಬೆಳ್ಳಿಯಲ್ಲೂ ಎರಡು ತೂಕವಿದೆ ಎಂದು ಆಗ ಗೊತ್ತಾಯಿತು.

ಅದೇ ಬೊಳ್ಳಿಯೇ ಈ ಕೂಸಿನ ಮುತ್ತಜ್ಜಿ?
ಯಾವ ತೋಟ ಎಂದು ಕೇಳಬಹುದಿತ್ತು. ಕೇಳಲಿಲ್ಲ.
ಕೇಳಿದ್ದರೆ ನನ್ನ ಮನೆಯ ಹೆಸರು ಹೇಳಬೇಕಾಗುತ್ತಿತ್ತು.

ಹಳೆಯ ಪುಸ್ತಕ ತೆಗೆದು ನೋಡಿದೆ, ಸುಮ್ಮನೆ.
ಕೊನೆಯ ಬೊಳ್ಳಿ ಹುಟ್ಟಿ ಮೂವತ್ತಾರು ವರ್ಷ,
ಗೆದ್ದಲು ತಿಂದ ಅಂಚು, ಯಾರದೋ ದುಂಡು ಅಕ್ಷರ.
ಕಿಟಕಿಯಾಚೆಯ ಸಿಲ್ವರ್ ಮರ ನಿಂತೇ ಇತ್ತು.
ಅದರ ಎಲೆಯ ಬೆಳ್ಳಿ ಇರುವುದು ಬೆನ್ನಿಗೆ,
ಗಾಳಿ ಬೀಸಿದರೆ ಮಾತ್ರ ಕಾಣುತ್ತದೆ.

ಕಂಪ್ಯೂಟರಿಗೆ ಇಂಗ್ಲಿಷಿನಲ್ಲೂ ಬೇಕು.
ಒತ್ತಕ್ಷರ ಬಿಟ್ಟುಹೋಗದಂತೆ ಎರಡು ಸಲ ಓದಿ ಹೊಡೆದೆ.
ಶಾಯಿ ಕಡಿಮೆಯಾಗಿ ಮಸುಕು ಬಂತು,
ಪ್ರಿಂಟರಿನ ತಲೆಗೆ ತಟ್ಟಿ ಇನ್ನೊಂದು ತೆಗೆದೆ.
ಎಲ್ಲಿದೆ ಅಕ್ಕ, ಎಂದಳು. ಬೆರಳಿಟ್ಟು ತೋರಿಸಿದೆ.
ಅವಳೂ ಬೆರಳಿಟ್ಟಳು, ಬಿಸಿ ಕಾಗದ.

ಜಗಲಿಯಲ್ಲಿ ಕೂಸು ಅತ್ತಿತು,
ಹೊಸ ಹೆಸರು ಹಿಡಿದು ಸಮಾಧಾನ ಮಾಡುತ್ತಿದ್ದಳು.
ನಾಲಿಗೆಯ ತುದಿಗೆ ಬಂದ ಓ ನುಂಗಿ
ಮುಂದಿನವರು ಬನ್ನಿ, ಎಂದೆ.