ಗುರುವಾರದ ಮಂದಿ

ಇಪ್ಪತ್ತೆರಡು ವರ್ಷ ಹನ್ನೊಂದೇ ವಾಕ್ಯ ಒಪ್ಪಿಸಿದ್ದೇನೆ
ಈ ಮೆಟ್ಟಿಲ ಬುಡದಲ್ಲಿ ನಿಂತು:
ಇದು ತಿಮಿಂಗಿಲ ಬೇಟೆಯ ಕ್ಯಾಪ್ಟನ್ ಥ್ಯಾಕ್ಸ್ಟರನ ಮನೆ,
ಇದು ಅವನು ಚೀನಾದಿಂದ ತಂದ ಪಿಂಗಾಣಿ,
ಇದು ಅವನ ಕುರ್ಚಿ, ದಯವಿಟ್ಟು ಕೂರಬೇಡಿ.
ಬಾಯಿಗೆ ಬಂದದ್ದೆಲ್ಲ ಮನಸ್ಸಿಗೂ ಬರಬೇಕೆಂದೇನಿಲ್ಲ.

ಆಮೇಲೆ ಗುರುವಾರದ ಮಂದಿ ಬಂದರು,
ಕೇಪ್ ವರ್ಡಿ ದ್ವೀಪಗಳ ಮರಿಮಕ್ಕಳು.
ಕಮಿಟಿ ಮೂರು ಸಲ ಕಾಗದ ಬರೆದಿತ್ತು.
ಎರಡಕ್ಕೆ ಉತ್ತರವೇ ಇಲ್ಲ. ಯಾಕೆಂದರೆ
ದೆಯೊಲಿಂಡಾ ಲೊಂಬಾ ಅಂದಳು:
ನಮ್ಮಜ್ಜಿ ಇಲ್ಲಿ ಬಟ್ಟೆ ಒಗೆಯಲು ಹಿಂಬಾಗಿಲಿಂದ ಬರುತ್ತಿದ್ದಳು,
ನಾವು ಯಾವ ಬಾಗಿಲಿಂದ ಬರಬೇಕೆಂದು
ನಿಮ್ಮ ಕಾಗದದಲ್ಲಿ ಇರಲಿಲ್ಲ.

ಒಂದು ಹಾಡು ಹಾಡಿ, ನಿಮ್ಮ ಅಡುಗೆ ಬಡಿಸಿ, ಎಂದಿತು ಕಮಿಟಿ.
ಅವರು ಲೆಕ್ಕದ ಪುಸ್ತಕ ಕೇಳಿದರು.

ಬಸ್ಸು ಓಡಿಸಿ ನಿವೃತ್ತನಾದ ಆರ್ಲಿಂಡೊ ಕನ್ನಡಕ ಏರಿಸಿ ಓದಿದ:
ಜಾನ್ ಫೋಗೋ, ನೂರಾ ಎಪ್ಪತ್ತರಲ್ಲಿ ಒಂದು ಪಾಲು.
ಕಳೆ: ಬೂಟು, ಹೊಗೆಸೊಪ್ಪು, ಕಂಬಳಿ ಒಂದು.
ಉಳಿಕೆ: ಒಂಬತ್ತು ಡಾಲರ್.
ಮೂರು ವರ್ಷ, ನಾಲ್ಕು ತಿಂಗಳಿಗೆ.

ಫೋಗೋ ಹೆಸರಲ್ಲ, ದ್ವೀಪ, ಎಂದಳು ದೆಯೊಲಿಂಡಾ.
ಬೆಂಕಿಯ ಬೆಟ್ಟ ಇರುವ ದ್ವೀಪ.
ಬರೆದುಕೊಂಡವನ ನಾಲಿಗೆಗೆ ಹೆಸರು ಹೊರಳಲಿಲ್ಲ,
ಊರನ್ನೇ ಕೊರಳಿಗೆ ಕಟ್ಟಿದ.

ಅಷ್ಟರಲ್ಲಿ ಮುದುಕ ತಿಯೊಫಿಲೊ,
ಕ್ರ್ಯಾನ್‌ಬೆರಿ ಜವುಗಿನಲ್ಲಿ ಬೆನ್ನು ಬಾಗಿದವನು,
ಹಗ್ಗ ದಾಟಿ ಕುರ್ಚಿಯನ್ನು ತಲೆಕೆಳಗು ಮಾಡಿಬಿಟ್ಟ.
ನಾನು ಕೂಗಿಕೊಂಡೆ. ಕೂಗಿದ್ದಕ್ಕೆ ಈಗಲೂ ನಾಚಿಕೆ.
ಮುರಿದ ಕಾಲಿಗೆ ತಿಮಿಂಗಿಲದ ಮೂಳೆಯ ಗೂಟ,
ಅದರ ಸುತ್ತ ಸಣ್ಣ ದಾರದ ಬಿಗಿ.
ಇದು ನಮ್ಮ ದೋಣಿಯವರ ಗಂಟು,
ಎಂದು ಹೆಬ್ಬೆರಳಿಂದ ಸವರಿದ,
ಮಗುವಿನ ನೆತ್ತಿ ಮುಟ್ಟುವ ಹಾಗೆ.

ಇಪ್ಪತ್ತೆರಡು ವರ್ಷ ದೂಳು ಒರೆಸಿದ್ದೇನೆ ಅದಕ್ಕೆ,
ಮೇಲಿಂದ ಮಾತ್ರ.

ಜಾನ್ ಫೋಗೋನೇ ಕಟ್ಟಿದನೇ? ಗೊತ್ತಿಲ್ಲ.
ಅವನ ನಿಜವಾದ ಹೆಸರು? ಅದೂ ಗೊತ್ತಿಲ್ಲ.
ಇದ್ದರೂ ಇರಬಹುದು ಎಂದು ಬರೆಯೋಣ, ಎಂದಿತು ಕಮಿಟಿ.
ಬೇಡ, ಎಂದಳು ದೆಯೊಲಿಂಡಾ, ಒಮ್ಮೆ ಸುಳ್ಳು ಹೆಸರು ಕೊಟ್ಟದ್ದು ಸಾಕು.

ಹಲ್ಲಿಗೆ ತಂತಿ ಹಾಕಿಸಿದ ಅವಳ ಮೊಮ್ಮಗಳು ಝೀತಾ
ಚೀಟಿ ಬರೆದಳು, ಪೆನ್ಸಿಲ್ಲಿನಲ್ಲಿ:
ಈ ಕಾಲು ಕೂಡಿಸಿದವರು ಯಾರೆಂದು ಹುಡುಕುತ್ತಿದ್ದೇವೆ.
ಪೆನ್ಸಿಲ್ಲೇಕೆ ಎಂದೆ. ಸಿಕ್ಕಾಗ ಅಳಿಸಬೇಕಲ್ಲ, ಎಂದಳು.

ಈಗ ಹನ್ನೆರಡನೆಯ ವಾಕ್ಯಕ್ಕೆ ಬಂದಾಗ
ನನಗೆ ದನಿ ಸಿಕ್ಕಿಕೊಳ್ಳುತ್ತದೆ.
ಹಿಂದೆ ಯಾರೋ ಕೆಮ್ಮುತ್ತಾರೆ,
ಗುರುವಾರವಾದರೆ.