ಆರನೇ ಪಾಠದ ಒಂಬತ್ತನೇ ಲೆಕ್ಕ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ
ಮೂರು ಸಾವಿರ ಕಿಲೋಮೀಟರ್.
ವಿಮಾನದ ವೇಗ ಗಂಟೆಗೆ ಏಳುನೂರ ಐವತ್ತು.
ತಲುಪಲು ತಗಲುವ ಸಮಯವೆಷ್ಟು?

ಮಲಯಾಳದಿಂದ ಕನ್ನಡಕ್ಕೆ ಇಳಿದು ಬಂದ ಪುಸ್ತಕ ನಮ್ಮದು,
ಬರುವ ದಾರಿಯಲ್ಲಿ ಎಷ್ಟೋ ಶಬ್ದಗಳ ಕಾಲು ಉಳುಕಿರುತ್ತದೆ.
‘ದೂರ’ಕ್ಕೆ, ‘ವಿಮಾನ’ಕ್ಕೆ ಮಾತ್ರ ಏನೂ ಆಗಿರಲಿಲ್ಲ.
ಬಾಲದ ಸೊನ್ನೆಯನ್ನು
ಚಪ್ಪಲಿಯ ಹಾಗೆ ಹೊರಗೆ ಬಿಟ್ಟು
ಒಳಗೆ ಬಂದಿದ್ದವು, ಅಷ್ಟೇ.

ನಿಲ್ದಾಣಗಳಿಗೆ ಹೆಸರಿರಲಿಲ್ಲ, ನಾನೇ ಕೊಟ್ಟೆ:
ಮಂಗಳೂರು. ದಮ್ಮಾಮ್.
ಪೈವಳಿಕೆಯ ಏಳನೇ ಕ್ಲಾಸಿಗೆ
ಇದಕ್ಕಿಂತ ಹತ್ತಿರದ ಹೆಸರು ಬೇರೆ ಯಾವುದುಂಟು?

ನಾಲ್ಕು ಗಂಟೆ, ಎಂದಿತು ಮುಂದಿನ ಬೆಂಚು. ಸರಿ.

ಅಲ್ಲ ಟೀಚರ್, ಹದಿನಾಲ್ಕು, ಎಂದಳು ಮಿಸ್ರಿಯಾ.
ಬಾಯಾರಿನಿಂದ ಜೀಪು,
ಉಪ್ಪಳದಲ್ಲಿ ರೈಲಿನ ಗೇಟು ಬಿದ್ದರೆ ಅದೊಂದು ಅರ್ಧ ಗಂಟೆ,
ತಲಪಾಡಿಯ ಟೋಲು,
ಮತ್ತೆ ಮೂರು ಗಂಟೆ ಮೊದಲೇ ಹೋಗಿ ಕೂರಬೇಕಲ್ಲ,
ಹಲಸಿನ ಹಪ್ಪಳದ ಕಟ್ಟು ಬಿಚ್ಚಿಸಿ ನೋಡುತ್ತಾರೆ,
ಆಚೆ ಇಳಿದರೆ ಬೆರಳೊತ್ತಲು ಸಾಲು, ರೂಮಿಗೆ ಬಸ್ಸು.
ಉಪ್ಪ ಪ್ರತಿ ಸಲ ಫೋನಿನಲ್ಲಿ ಹೇಳುವುದು ಅಷ್ಟೇ:
ಹದಿನಾಲ್ಕು.

ಲೊಯ್ಡ್ ಕ್ರಾಸ್ತಾ ಎದ್ದ: ಒಂದೂವರೆ!
ಇಲ್ಲಿ ಒಂಬತ್ತಕ್ಕೆ ಬಿಟ್ಟರೆ ಅಲ್ಲಿ ಹತ್ತೂವರೆಗೆ ಇಳಿಯುತ್ತಾರೆ,
ಅಲ್ಲಿಯ ಗಡಿಯಾರವೇ ಸಾಕ್ಷಿ.
ಹಾಗಾದರೆ ಬರುವಾಗ ಎಷ್ಟು ಮಾರಾಯ?
ಆರೂವರೆ ಟೀಚರ್.
ಬರುವ ದಾರಿ ಯಾವಾಗಲೂ ಉದ್ದ.

ನಕ್ಕೆ. ಮೂರನ್ನೂ ಬೋರ್ಡಿನಲ್ಲಿ ಬರೆದೆ.

ತಿಲಕ ಕೈ ಎತ್ತಲಿಲ್ಲ, ತಲೆಯನ್ನೂ.
ಹತ್ತೊಂಬತ್ತು ದಿನ, ಎಂದ.

ಕಳೆದ ಆಟಿಯಲ್ಲಿ ಅವನ ಸೋದರಮಾವ,
ಎಸಿ ರಿಪೇರಿಯ ಗಿರಿಧರ,
ಏಣಿಯಿಂದ ಬಿದ್ದದ್ದು ನಮಗೆಲ್ಲ ಗೊತ್ತಿತ್ತು.
ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ಕಂಪೆನಿಯ ಸಹಿ,
ನಡುನಡುವೆ ಬಂದ ಶುಕ್ರವಾರಗಳು,
ಕೊನೆಗೆ ಕಾರ್ಗೋ ಬಾಗಿಲಲ್ಲಿ
ತೂಕ ಬರೆದ ಒಂದು ಚೀಟಿ.

ಅವನು ಭಾಗಿಸಿಯೂ ಬಿಟ್ಟಿದ್ದ.
ದಿನಕ್ಕೆ ಇಪ್ಪತ್ತನಾಲ್ಕರಂತೆ ನಾನೂರ ಐವತ್ತಾರು ಗಂಟೆ.
ಮೂರು ಸಾವಿರದೊಳಗೆ ಅದು ಎಷ್ಟು ಸಲ ಹೋಗುತ್ತದೆ?
ಗಂಟೆಗೆ ಆರೂವರೆ ಕಿಲೋಮೀಟರ್, ಚೂರು ಮೇಲೆ.

ಬೆಳಿಗ್ಗೆ ಡೈರಿಗೆ ಹಾಲು ಹಿಡಿದುಕೊಂಡು
ಅಮ್ಮ ಇಷ್ಟೇ ಜೋರು ನಡೆಯುತ್ತಾಳೆ, ಎಂದ.
ಮಾವನಿಗೆ ನಡೆದೇ ಬರಬಹುದಿತ್ತು.

ಯಾರೋ ಕಂಪಾಸು ಬೀಳಿಸಿದರು.
ಹತ್ತಿರ ಹೋಗಿ ನೋಡಿದೆ:
ಆರು ಬಿಂದು ಐದು ಏಳು ಎಂಟು ಒಂಬತ್ತು ನಾಲ್ಕು ಏಳು...
ಮಾರ್ಜಿನು ದಾಟಿ, ಪುಟ ತಿರುಗಿ, ಇಳಿಯುತ್ತಲೇ ಇತ್ತು.

ಮುಗಿಯುವುದೇ ಇಲ್ಲ ಟೀಚರ್.
ಪ್ರತಿ ಸಲ ಶೇಷ ಉಳಿಯುತ್ತದೆ.
ಇನ್ನೂ ಮಾಡಬೇಕಾ?

ಊಟದ ಬೆಲ್ಲು ಹೊಡೆಯಿತು.
ಎರಡನೇ ಸ್ಥಾನಕ್ಕೆ ನಿಲ್ಲಿಸು ಎಂಬುದು ಕ್ರಮ,
ಹೇಳಬೇಕೆಂದು ಬಾಯಿ ತೆರೆದೆ.
ಪೆನ್ಸಿಲು ಆಗಲೇ
ಮುಂದಿನ ಸೊನ್ನೆಯನ್ನು ಕೆಳಗಿಳಿಸಿತ್ತು.